ನಾಳೆ ಎಷ್ಟು ಜನ ರಕ್ತಪರೀಕ್ಷೆಗೆ ಬರುತ್ತಾರೆ?

ಮಕ್ಕಳೇ, ಮನೆಯಲ್ಲಿ ಒಬ್ಬರಿಗೆ ಜ್ವರ ಬಂತು ಎಂದುಕೊಳ್ಳಿ. ಮೊದಲ ದಿನ ಏನು ನಡೆಯುತ್ತದೆ? ಅಜ್ಜಿ ಹಣೆ ಮುಟ್ಟಿ ನೋಡುತ್ತಾರೆ. ಮೆಣಸು, ಶುಂಠಿ, ತುಳಸಿ ಹಾಕಿ ಕಷಾಯ ಕಾಯಿಸಿ ಕುಡಿಸುತ್ತಾರೆ. ರಾತ್ರಿಯಾದರೂ ಜ್ವರ ಇಳಿಯದಿದ್ದರೆ ಅಂಗಡಿಯಿಂದ ಒಂದು ಮಾತ್ರೆ ಬರುತ್ತದೆ. (ಡೆಂಗಿಯ ಅನುಮಾನವಿರುವಾಗ ಆಸ್ಪಿರಿನ್‌ನಂಥ ಕೆಲವು ಮಾತ್ರೆಗಳಿಂದ ಅಪಾಯವಿದೆ. ವೈದ್ಯರನ್ನು ಕೇಳದೆ ನುಂಗಬಾರದು. ಅದು ಬೇರೆಯೇ ಪಾಠ.) ಮರುದಿನ ಮೈಕೈ ನೋವು, ಕಣ್ಣಿನ ಹಿಂದೆ ನೋವು ಶುರುವಾದಾಗ ಅಣ್ಣನೋ ಚಿಕ್ಕಪ್ಪನೋ ಮೊಬೈಲ್ ತೆಗೆದು ‘ಡೆಂಗಿ ಲಕ್ಷಣಗಳು’ ಎಂದು ಹುಡುಕುತ್ತಾರೆ. ಮೂರನೆಯ ದಿನ ಆಸ್ಪತ್ರೆಗೆ ಹೋಗುತ್ತಾರೆ. ವೈದ್ಯರು ಪರೀಕ್ಷಿಸಿ, ರಕ್ತಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದು ಕೊಡುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿದಿರಾ? ಮೊಬೈಲಿನಲ್ಲಿ ಹುಡುಕಿದ್ದು ಮೊದಲು. ರಕ್ತಪರೀಕ್ಷೆಗೆ ಹೋದದ್ದು ಆಮೇಲೆ. ನಡುವೆ ಒಂದೆರಡು ದಿನಗಳ ಅಂತರವಿದೆ.

ಒಂದು ಮನೆಯಲ್ಲಿ ಹೀಗೆ ನಡೆದರೆ ಅದರಿಂದ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಆದರೆ ಒಂದು ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಒಂದೇ ವಾರದಲ್ಲಿ ಜನ ‘ಡೆಂಗಿ ಲಕ್ಷಣಗಳು’ ಎಂದು ಹುಡುಕತೊಡಗಿದರೆ? ಮುಂದಿನ ವಾರ ಆಸ್ಪತ್ರೆಯ ಪ್ರಯೋಗಾಲಯದ ಮುಂದೆ ಉದ್ದನೆಯ ಸಾಲು ಇರಬಹುದು ಎಂದು ಊಹಿಸಲು ಬರುತ್ತದೆಯೇ? ವಿಜ್ಞಾನಿಗಳು ಸುಮಾರು ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ.

ಪ್ರಯೋಗಾಲಯದ ಚಿಂತೆ

ಸಾಲು ಎಷ್ಟು ಉದ್ದ ಎಂದು ಮೊದಲೇ ಏಕೆ ತಿಳಿಯಬೇಕು? ಇದಕ್ಕೆ ಉತ್ತರ ಪರೀಕ್ಷೆ ಮಾಡುವ ವಿಧಾನದಲ್ಲೇ ಇದೆ.

ಡೆಂಗಿ ಜ್ವರಕ್ಕೂ ಬೇರೆ ಜ್ವರಗಳಿಗೂ ಮೊದಮೊದಲು ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ರಕ್ತ ಪರೀಕ್ಷಿಸಿಯೇ ಹೇಳಬೇಕು. ಜ್ವರ ಶುರುವಾದ ಮೊದಲ ಐದು ದಿನಗಳಲ್ಲಿ ರೋಗಿಯ ರಕ್ತದಲ್ಲಿ ಡೆಂಗಿ ವೈರಸ್ಸಿನದೇ ಒಂದು ಪ್ರೋಟೀನ್ ಸಿಗುತ್ತದೆ. ಅದನ್ನು ಪತ್ತೆ ಮಾಡುವುದು ಎನ್‌ಎಸ್‌1 ಪರೀಕ್ಷೆ. ಐದು ದಿನ ಕಳೆದ ಮೇಲೆ, ವೈರಸ್ಸಿನ ವಿರುದ್ಧ ನಮ್ಮ ದೇಹವೇ ತಯಾರಿಸಿದ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಅವನ್ನು ಪತ್ತೆ ಮಾಡುವುದು ಐಜಿಎಂ ಪರೀಕ್ಷೆ.

ಇವುಗಳನ್ನು ಎಲೈಸಾ ಎಂಬ ವಿಧಾನದಲ್ಲಿ ಮಾಡುತ್ತಾರೆ. ನೀವು ಅಳಗುಳಿಮಣೆ ಆಡಿದ್ದೀರಲ್ಲವೇ? ಎಲೈಸಾ ತಟ್ಟೆಯೂ ಹೆಚ್ಚು ಕಡಿಮೆ ಹಾಗೆಯೇ. ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 8 ಸಾಲು, ಪ್ರತಿ ಸಾಲಿನಲ್ಲಿ 12 ಪುಟ್ಟ ಗುಳಿಗಳು. ಒಟ್ಟು ಎಷ್ಟು? 96. ಒಂದೊಂದು ಗುಳಿಗೆ ಒಬ್ಬೊಬ್ಬರ ರಕ್ತದ ತಿಳಿದ್ರವ ಹಾಕುತ್ತಾರೆ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು ಕೆಲವು ಗುಳಿಗಳನ್ನು ಬಿಟ್ಟುಕೊಳ್ಳುತ್ತಾರೆ. ರಾಸಾಯನಿಕಗಳನ್ನು ಸೇರಿಸಿದ ಮೇಲೆ ಯಾವ ಗುಳಿಯಲ್ಲಿ ಬಣ್ಣ ಬಂತೋ ಆ ರೋಗಿಗೆ ಡೆಂಗಿ ಇರುವ ಸಾಧ್ಯತೆ ಹೆಚ್ಚು.

ಈ ತಟ್ಟೆ ಮತ್ತು ರಾಸಾಯನಿಕಗಳನ್ನು ಒಟ್ಟು ಸೇರಿಸಿ ‘ಕಿಟ್’ ಎನ್ನುತ್ತಾರೆ. ನಮ್ಮ ದೇಶದಲ್ಲಿ ಡೆಂಗಿ ಪರೀಕ್ಷೆಗೆಂದು ಗುರುತಿಸಿರುವ ಸರ್ಕಾರಿ ಪ್ರಯೋಗಾಲಯಗಳಿಗೆ ಐಜಿಎಂ ಕಿಟ್‌ಗಳು ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಿಂದ ಬರುತ್ತವೆ. ಕಿಟ್‌ಗಳನ್ನು ತಂಪಾದ ಪೆಟ್ಟಿಗೆಯಲ್ಲಿ ತರಬೇಕು, 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಅವಧಿ ಮೀರಿದರೆ ಎಸೆಯಬೇಕು. ಹಾಗಾಗಿ ಅಕ್ಕಿ ಮೂಟೆಯಂತೆ ವರ್ಷಕ್ಕೆ ಸಾಕಾಗುವಷ್ಟು ತಂದು ಪೇರಿಸಿಡಲು ಬರುವುದಿಲ್ಲ. ಕಡಿಮೆ ತರಿಸಿದರೋ, ಜ್ವರದಲ್ಲಿ ಬಳಲುತ್ತಾ ಬಂದವರು ಕಾಯಬೇಕಾಗುತ್ತದೆ. ಕಾಯುವ ಆ ಎರಡು ಮೂರು ದಿನಗಳಲ್ಲೇ ಕೆಲವರಿಗೆ ಕಾಯಿಲೆ ಬಿಗಡಾಯಿಸುತ್ತದೆ.

2024ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಡೆಂಗಿ ಜೋರಾಗಿ ಹರಡಿತು. ಪರೀಕ್ಷೆ ಮಾಡಿಸುವವರೂ ಹೆಚ್ಚಿದರು. ಖಾಸಗಿ ಪ್ರಯೋಗಾಲಯಗಳು ಒಂದು ಎಲೈಸಾ ಪರೀಕ್ಷೆಗೆ 300 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಸರ್ಕಾರ ಆ ವರ್ಷದ ಜುಲೈನಲ್ಲಿ ಗೊತ್ತುಪಡಿಸಿತು. ಬೇಡಿಕೆ ಏರಿದಾಗ ಕಿಟ್ ಮಾತ್ರವಲ್ಲ, ಬೆಲೆಯೂ ಚಿಂತೆಯ ವಿಷಯವೇ.

ಹಳೆಯ ದಾರಿ

ರೋಗ ಎಲ್ಲಿ ಹೆಚ್ಚುತ್ತಿದೆ ಎಂದು ತಿಳಿಯಲು ನಮ್ಮಲ್ಲಿ ವ್ಯವಸ್ಥೆ ಇಲ್ಲದೆ ಇಲ್ಲ. 2004ರಲ್ಲಿ ಭಾರತದಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಇದರಲ್ಲಿ ಮೂರು ನಮೂನೆಗಳು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ತಾವು ಕಂಡ ಜ್ವರಗಳನ್ನು ‘ಎಸ್’ ನಮೂನೆಯಲ್ಲಿ ಬರೆಯುತ್ತಾರೆ. ವೈದ್ಯರು ಅನುಮಾನಿಸಿದ ರೋಗಗಳು ‘ಪಿ’ ನಮೂನೆಯಲ್ಲಿ. ಪ್ರಯೋಗಾಲಯದಲ್ಲಿ ಖಚಿತವಾದವು ‘ಎಲ್’ ನಮೂನೆಯಲ್ಲಿ. ಮೊದಲು ಇವನ್ನು ವಾರಕ್ಕೊಮ್ಮೆ ಕಾಗದದಲ್ಲಿ ತುಂಬಿ ಕಳಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲೇ ತುಂಬುತ್ತಾರೆ.

ಇದು ನಂಬಿಕೆಯ ದಾರಿ. ಆದರೆ ಒಂದು ಜ್ವರ ಲೆಕ್ಕಕ್ಕೆ ಬರಬೇಕಾದರೆ ಕಾರ್ಯಕರ್ತೆ ಆ ಮನೆಗೆ ಹೋಗಿರಬೇಕು, ಇಲ್ಲವೇ ರೋಗಿ ಆಸ್ಪತ್ರೆಗೆ ಬಂದಿರಬೇಕು. ಎಲ್ಲ ಕಡೆಯ ಲೆಕ್ಕ ಕೂಡಿಸುವ ಹೊತ್ತಿಗೆ ದಿನಗಳು ಕಳೆದಿರುತ್ತವೆ. ಅಮೆರಿಕದಂಥ ದೇಶದಲ್ಲೂ ಇದೇ ತೊಂದರೆ. ಅಲ್ಲಿ ಪ್ರತಿ ಚಳಿಗಾಲದಲ್ಲೂ ಫ್ಲೂ ಜ್ವರ ಬರುತ್ತದೆ. ಎಷ್ಟು ಮಂದಿ ಫ್ಲೂ ಲಕ್ಷಣಗಳೊಂದಿಗೆ ವೈದ್ಯರ ಬಳಿ ಬಂದರು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವಾರವಾರವೂ ಪ್ರಕಟಿಸುತ್ತದೆ. ಆದರೆ ಆ ಲೆಕ್ಕ ಹೊರಬೀಳುತ್ತಿದ್ದುದು ಒಂದೆರಡು ವಾರ ತಡವಾಗಿ.

ಐದು ಕೋಟಿ ಪ್ರಶ್ನೆಗಳ ಜರಡಿ

ಅಂತರಜಾಲದ ಹುಡುಕಾಟದಿಂದ ಬೇಗ ಸುಳಿವು ಸಿಗಬಹುದೇ ಎಂದು ಮೊದಲು ಪ್ರಯತ್ನಿಸಿದವರಲ್ಲಿ ಕೆನಡಾದ ಗುಂಥರ್ ಐಸೆನ್‌ಬಾಕ್ ಒಬ್ಬರು. ಅವರ ಬಳಿ ಹುಡುಕಾಟದ ಲೆಕ್ಕ ಇರಲಿಲ್ಲ. ಅದು ಕಂಪನಿಯ ಬಳಿ ಇತ್ತು. ಅವರು ಒಂದು ಜಾಣ ಉಪಾಯ ಮಾಡಿದರು. 2004-05ರ ಚಳಿಗಾಲದಲ್ಲಿ ಗೂಗಲ್‌ನಲ್ಲಿ ಸಣ್ಣ ಜಾಹೀರಾತು ಹಾಕಿದರು. ಕೆನಡಾದಲ್ಲಿ ಯಾರಾದರೂ ಫ್ಲೂ ಬಗ್ಗೆ ಹುಡುಕಿದರೆ ‘ನಿಮಗೆ ಫ್ಲೂ ಬಂದಿದೆಯೇ?’ ಎಂಬ ಅರ್ಥದ ಸಾಲು ಅವರಿಗೆ ಕಾಣುತ್ತಿತ್ತು. ಅದನ್ನು ಎಷ್ಟು ಮಂದಿ ಒತ್ತಿದರು ಎಂದು ಎಣಿಸುತ್ತಾ ಹೋದರು. ಆ ಎಣಿಕೆ, ಮುಂದಿನ ವಾರದ ಫ್ಲೂ ರೋಗಿಗಳ ಲೆಕ್ಕದ ಜೊತೆಜೊತೆಗೇ ಏರಿತು, ಇಳಿಯಿತು!

ಇದಾದ ಮೇಲೆ ಗೂಗಲ್‌ನವರೇ ಕೆಲಸಕ್ಕೆ ಇಳಿದರು. 2008ರ ನವೆಂಬರ್‌ನಲ್ಲಿ ‘ಗೂಗಲ್ ಫ್ಲೂ ಟ್ರೆಂಡ್ಸ್’ ಎಂಬ ಸೇವೆ ಆರಂಭವಾಯಿತು. ಅದರ ವಿವರ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅವರು ಮಾಡಿದ್ದು ಏನು ಗೊತ್ತೇ? ಅಮೆರಿಕದ ಜನ ಹೆಚ್ಚಾಗಿ ಹುಡುಕುತ್ತಿದ್ದ 5 ಕೋಟಿ ಪ್ರಶ್ನೆಗಳನ್ನು ತೆಗೆದುಕೊಂಡರು. ಯಾರು ಕೇಳಿದರು ಎಂಬ ಹೆಸರು ಬೇಡ, ಎಷ್ಟು ಸಲ ಕೇಳಿದರು ಎಂಬುದಷ್ಟೇ ಸಾಕು. ಒಂದೊಂದು ಪ್ರಶ್ನೆಯನ್ನೂ ಹಿಂದಿನ ವರ್ಷಗಳ ಫ್ಲೂ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಫ್ಲೂ ಏರಿದಾಗ ತಾನೂ ಏರಿ, ಇಳಿದಾಗ ತಾನೂ ಇಳಿದ ಪ್ರಶ್ನೆಗಳನ್ನು ಕಂಪ್ಯೂಟರ್ ಜರಡಿ ಹಿಡಿದು ಆರಿಸಿತು.

ಈ ಕಥೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯ ಎನಿಸಿದ್ದು ಜರಡಿಯಲ್ಲಿ ಉಳಿದ ಕೆಲವು ಕಲ್ಲುಗಳು. ಆರಿಸಿದ ಮೊದಲ ನೂರು ಪ್ರಶ್ನೆಗಳಲ್ಲಿ ‘ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್’ ಎಂಬುದೂ ಇತ್ತು! ಆಸ್ಕರ್ ಚಲನಚಿತ್ರ ಪ್ರಶಸ್ತಿಯ ಬಗೆಗಿನ ಪ್ರಶ್ನೆಯೂ ಇತ್ತು. ಬ್ಯಾಸ್ಕೆಟ್‌ಬಾಲ್ ಆಡಿದರೆ ಫ್ಲೂ ಬರುತ್ತದೆಯೇ? ಇಲ್ಲ. ಅಮೆರಿಕದಲ್ಲಿ ಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುವುದು ಚಳಿಗಾಲದಲ್ಲಿ. ಫ್ಲೂ ಬರುವುದೂ ಚಳಿಗಾಲದಲ್ಲಿ. ಎರಡೂ ಒಟ್ಟಿಗೆ ಏರುತ್ತವೆ, ಅಷ್ಟೇ. ನಮ್ಮಲ್ಲಿ ಮುಂಗಾರು ಶುರುವಾದಾಗ ಕೊಡೆಗಳ ವ್ಯಾಪಾರ ಏರುತ್ತದೆ, ಡೆಂಗಿಯೂ ಏರುತ್ತದೆ. ಹಾಗೆಂದು ಕೊಡೆಯಿಂದ ಡೆಂಗಿ ಬಂತು ಎನ್ನುತ್ತೀರಾ? ಕಂಪ್ಯೂಟರಿಗೆ ಈ ವ್ಯತ್ಯಾಸ ತಾನಾಗಿ ತಿಳಿಯುವುದಿಲ್ಲ. ಮನುಷ್ಯರೇ ಆರಿಸಿ ತೆಗೆಯಬೇಕು. ಕೊನೆಗೆ 45 ಪ್ರಶ್ನೆಗಳನ್ನು ಇಟ್ಟುಕೊಂಡರು.

ಫಲಿತಾಂಶ ಚೆನ್ನಾಗಿಯೇ ಇತ್ತು. ಒಂದೆರಡು ವಾರ ಕಾಯಬೇಕಿದ್ದ ಅಂದಾಜು ಒಂದೇ ದಿನದಲ್ಲಿ ಸಿಗುವಂತಾಯಿತು. 2011ರಲ್ಲಿ ‘ಗೂಗಲ್ ಡೆಂಗಿ ಟ್ರೆಂಡ್ಸ್’ ಕೂಡ ಬಂತು. ಅದರಲ್ಲಿ ಬ್ರೆಜಿಲ್, ಬೊಲಿವಿಯ, ಇಂಡೊನೇಷ್ಯ, ಸಿಂಗಪುರಗಳ ಜೊತೆ ನಮ್ಮ ಭಾರತವೂ ಇತ್ತು.

ಎಡವಿದ್ದು ಎಲ್ಲಿ?

2009ರ ಏಪ್ರಿಲ್‌ನಲ್ಲಿ ಹೊಸ ಬಗೆಯ ಎಚ್1ಎನ್1 ಫ್ಲೂ ಕಾಣಿಸಿಕೊಂಡಿತು. ಅದು ಬಂದದ್ದು ಚಳಿಗಾಲ ಮುಗಿದ ಮೇಲೆ. ಗೂಗಲ್ ಲೆಕ್ಕ ಚಳಿಗಾಲದ ಫ್ಲೂ ನೋಡಿ ಕಲಿತದ್ದು. ಹಾಗಾಗಿ ಈ ಹೊಸ ಫ್ಲೂವಿನ ಮೊದಲ ಅಲೆ ಅದಕ್ಕೆ ಸರಿಯಾಗಿ ಕಾಣಲೇ ಇಲ್ಲ. ಲೆಕ್ಕವನ್ನು ಆ ವರ್ಷವೇ ತಿದ್ದಬೇಕಾಯಿತು.

2012-13ರ ಚಳಿಗಾಲದಲ್ಲಿ ತಪ್ಪು ಇನ್ನೊಂದು ಕಡೆಗೆ ವಾಲಿತು. ಆ ಸಲ ಫ್ಲೂ ಸುದ್ದಿಯೇ ಎಲ್ಲೆಲ್ಲೂ. 2013ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಟಿವಿ ನೋಡಿದವರೆಲ್ಲ ಗಾಬರಿಯಾಗಿ ಹುಡುಕತೊಡಗಿದರು. ಜ್ವರ ಇದ್ದವರೂ ಹುಡುಕಿದರು, ಇಲ್ಲದವರೂ ಹುಡುಕಿದರು. ಗೂಗಲ್ ಲೆಕ್ಕ ನಿಜವಾದ ಸಂಖ್ಯೆಯ ಸುಮಾರು ಇಮ್ಮಡಿಗೆ ಹೋಗಿ ನಿಂತಿತು.

2014ರಲ್ಲಿ ಡೇವಿಡ್ ಲೇಜರ್ ಮತ್ತು ಅವರ ಮೂವರು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವಿಶ್ಲೇಷಿಸಿದರು. 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳಲ್ಲಿ 100 ವಾರ ಗೂಗಲ್ ಲೆಕ್ಕ ಹೆಚ್ಚೇ ತೋರಿಸಿತ್ತು. ಜನ ಟೈಪ್ ಮಾಡುವ ಮುಂಚೆಯೇ ‘ಇದನ್ನು ಹುಡುಕುತ್ತಿದ್ದೀರಾ?’ ಎಂದು ಗೂಗಲ್ ತಾನೇ ಸೂಚಿಸುವುದರಿಂದಲೂ ಎಣಿಕೆ ಉಬ್ಬುತ್ತದೆ ಎಂಬುದನ್ನು ಅವರು ಎತ್ತಿ ತೋರಿಸಿದರು. ಇನ್ನೂ ಮುಖ್ಯವಾದ ಮಾತು ಇದು: ಮೂರು ವಾರ ಹಳೆಯದಾದ ಸರ್ಕಾರಿ ಲೆಕ್ಕವನ್ನು ಇಟ್ಟುಕೊಂಡು ಅಂದಾಜು ಮಾಡಿದ್ದರೂ ಅದು ಗೂಗಲ್ ಲೆಕ್ಕಕ್ಕಿಂತ ಸರಿಯಾಗಿರುತ್ತಿತ್ತು. 2015ರ ಆಗಸ್ಟ್‌ನಲ್ಲಿ ಗೂಗಲ್ ಫ್ಲೂ ಮತ್ತು ಡೆಂಗಿ ಎರಡೂ ಅಂದಾಜುಗಳನ್ನು ಪ್ರಕಟಿಸುವುದನ್ನು ನಿಲ್ಲಿಸಿತು.

ಹೆದರಿದವರೂ ಸಾಲಿನಲ್ಲಿ ನಿಲ್ಲುತ್ತಾರೆ

ಹಾಗಾದರೆ ಕಥೆ ಮುಗಿಯಿತೇ? ಸ್ವಲ್ಪ ತಾಳಿ. ನಾವು ಶುರು ಮಾಡಿದ ಪ್ರಶ್ನೆ ನೆನಪಿದೆಯೇ? ‘ಎಷ್ಟು ಜನರಿಗೆ ರೋಗ ಇದೆ’ ಎಂದು ನಾವು ಕೇಳಿರಲಿಲ್ಲ. ‘ಎಷ್ಟು ಜನ ಪರೀಕ್ಷೆಗೆ ಬರುತ್ತಾರೆ’ ಎಂದು ಕೇಳಿದ್ದೆವು. ಇವೆರಡೂ ಬೇರೆ ಬೇರೆ.

ರೋಗ ಇಲ್ಲದಿದ್ದರೂ ಹೆದರಿಕೆಯಿಂದ ಹುಡುಕಿದವರು ರೋಗಿಗಳ ಲೆಕ್ಕವನ್ನು ಕೆಡಿಸುತ್ತಾರೆ. ನಿಜ. ಆದರೆ ಹೆದರಿದವರು ಸುಮ್ಮನೆ ಕೂರುತ್ತಾರೆಯೇ? ಅವರಲ್ಲಿ ಕೆಲವರಾದರೂ ಆಸ್ಪತ್ರೆಗೆ ಬರುತ್ತಾರೆ. ಅವರ ರಕ್ತಕ್ಕೂ ತಟ್ಟೆಯಲ್ಲಿ ಒಂದು ಗುಳಿ ಬೇಕು. ಕಿಟ್ ಎಷ್ಟು ಬೇಕು ಎಂದು ಯೋಚಿಸುವವರಿಗೆ ಹೆದರಿಕೆಯ ಲೆಕ್ಕವೂ ಬೇಕಾದ ಲೆಕ್ಕವೇ. ರೋಗಿಗಳನ್ನು ಎಣಿಸುವುದಕ್ಕಿಂತ ಸಾಲನ್ನು ಅಂದಾಜು ಮಾಡುವುದಕ್ಕೆ ಈ ಸುಳಿವು ಹೆಚ್ಚು ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕೋವಿಡ್ ಕಾಲದಲ್ಲಿ ಇದು ಸ್ಪಷ್ಟವಾಗಿ ಕಂಡಿತು. 2020ರಲ್ಲಿ ಅನೇಕ ದೇಶಗಳಲ್ಲಿ ‘ವಾಸನೆ ಗೊತ್ತಾಗುತ್ತಿಲ್ಲ’ ಎಂಬ ಹುಡುಕಾಟ ಒಮ್ಮೆಲೇ ಏರಿತು. ಕೆಲವರು ನಿಜವಾಗಿಯೂ ವಾಸನೆ ಕಳೆದುಕೊಂಡಿದ್ದರು. ಕೆಲವರು ಸುದ್ದಿ ಓದಿ ಕುತೂಹಲದಿಂದ ಹುಡುಕಿದ್ದರು. ವಾಸನೆ ಹೋಗುವುದನ್ನು ಭಾರತದ ಆರೋಗ್ಯ ಸಚಿವಾಲಯ ಕೋವಿಡ್ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಆ ವರ್ಷದ ಜೂನ್‌ನಲ್ಲಿ. ಹುಡುಕಾಟವನ್ನು ಮಾತ್ರ ನೋಡಿದರೆ ಈ ಇಬ್ಬರಲ್ಲಿ ಭೇದ ತಿಳಿಯದು. ಪರೀಕ್ಷೆ ಮಾಡಿದರೆ ತಿಳಿಯುತ್ತದೆ.

ಪದಗಳನ್ನು ಬಿಡಿಸಿ ನೋಡಿದರೆ ಇನ್ನೂ ಸ್ವಲ್ಪ ತಿಳಿಯಬಹುದು. ‘ಡೆಂಗಿ ಎಂದರೇನು’ ಎಂದು ಕೇಳಿದವರು ನಿಮ್ಮಂತೆ ಪಾಠಕ್ಕಾಗಿ ಹುಡುಕಿರಬಹುದು. ‘ಡೆಂಗಿ ಲಕ್ಷಣಗಳು’ ಎಂದವರ ಮನೆಯಲ್ಲಿ ಜ್ವರ ಇರಬಹುದು. ‘ಹತ್ತಿರದಲ್ಲಿ ಡೆಂಗಿ ಪರೀಕ್ಷೆ ಎಲ್ಲಿ’ ಎಂದವರು ಚಪ್ಪಲಿ ಮೆಟ್ಟಿ ಹೊರಟೇ ಇದ್ದಾರೆ!

ಒಂದು ಲೆಕ್ಕ ಮಾಡೋಣ

ಯಾವ ಪದವನ್ನು ಜನ ಯಾವ ವಾರ ಎಷ್ಟು ಹುಡುಕಿದರು ಎಂಬುದನ್ನು ಗೂಗಲ್ 0ಯಿಂದ 100ರವರೆಗಿನ ಅಂಕಗಳಲ್ಲಿ ತೋರಿಸುತ್ತದೆ. ಅತಿ ಹೆಚ್ಚು ಹುಡುಕಿದ ವಾರಕ್ಕೆ 100 ಅಂಕ. ಉಳಿದ ವಾರಗಳಿಗೆ ಅದಕ್ಕೆ ಹೋಲಿಸಿ ಅಂಕ.

ಕಲ್ಪನೆಯ ಒಂದು ಊರು ತೆಗೆದುಕೊಳ್ಳೋಣ. ಅಲ್ಲಿ ಡೆಂಗಿ ಹುಡುಕಾಟಕ್ಕೆ ಒಂದು ವಾರ 20 ಅಂಕ ಬಂತು. ಮುಂದಿನ ವಾರ 60 ಮಂದಿ ಪರೀಕ್ಷೆಗೆ ಬಂದರು. ಮತ್ತೊಮ್ಮೆ ಅಂಕ 30, ಬಂದವರು 90. ಇನ್ನೊಮ್ಮೆ 40, ಬಂದವರು 120. ಸೂತ್ರ ಹೊಳೆಯಿತೇ? ಅಂಕವನ್ನು ಮೂರರಿಂದ ಗುಣಿಸಬೇಕು. ಈ ವಾರ ಅಂಕ 50. ಹಾಗಾದರೆ ಮುಂದಿನ ವಾರ 150 ಮಂದಿ. ಒಂದು ಕಿಟ್‌ನಲ್ಲಿ 90 ಮಂದಿಯ ಪರೀಕ್ಷೆ ಆಗುತ್ತದೆ ಎಂದಿಟ್ಟುಕೊಂಡರೆ ಎರಡು ಕಿಟ್ ತರಿಸಬೇಕು.

ಅದರ ಮುಂದಿನ ವಾರ ಸಿನಿಮಾ ನಟರೊಬ್ಬರಿಗೆ ಡೆಂಗಿ ಎಂದು ಟಿವಿಯಲ್ಲಿ ಸುದ್ದಿ ಬರುತ್ತದೆ. ಅಂಕ ಒಮ್ಮೆಲೇ 90ಕ್ಕೆ ಜಿಗಿಯುತ್ತದೆ. ಸೂತ್ರದಂತೆ 270 ಮಂದಿ ಬರಬೇಕು, ಮೂರು ಕಿಟ್ ಬೇಕು. ಬಂದವರು 180 ಮಾತ್ರ! ಒಂದು ಕಿಟ್ ಉಳಿಯಿತು. ಉಳಿದ ಕಿಟ್ಟನ್ನು ಅವಧಿ ಮುಗಿಯುವವರೆಗೆ ಶೀತಕದಲ್ಲಿ ಇಡಬಹುದು. ಇದರ ಬದಲು ಒಂದು ಕಿಟ್ ಕಡಿಮೆಯಾಗಿದ್ದರೆ? 90 ಮಂದಿ ಕಾಯಬೇಕಿತ್ತು. ಆದ್ದರಿಂದ ಕಿಟ್ ತರಿಸುವವರು ಅಂದಾಜಿಗಿಂತ ಸ್ವಲ್ಪ ಹೆಚ್ಚೇ ತರಿಸುತ್ತಾರೆ. ಎರಡೂ ತಪ್ಪುಗಳ ತೂಕ ಒಂದೇ ಅಲ್ಲ.

ಈಗ ಸೂತ್ರವನ್ನು ಏನು ಮಾಡುವುದು? ಹಿಂದೆ ಅನೇಕ ಮನೆಗಳಲ್ಲಿ ಗೋಡೆ ಗಡಿಯಾರ ದಿನಕ್ಕೆ ನಾಲ್ಕೈದು ನಿಮಿಷ ಮುಂದೆ ಓಡುತ್ತಿತ್ತು. ಹಾಗೆಂದು ಅದನ್ನು ಎಸೆಯುತ್ತಿರಲಿಲ್ಲ. ರೇಡಿಯೋದಲ್ಲಿ ವಾರ್ತೆ ಬರುವ ಹೊತ್ತಿಗೆ ಮುಳ್ಳು ತಿರುಗಿಸಿ ಸರಿ ಮಾಡುತ್ತಿದ್ದರು. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. 2015ರಲ್ಲಿ ಅಮೆರಿಕದ ಸಂಶೋಧಕರು ‘ಆರ್ಗೊ’ ಎಂಬ ಹೊಸ ವಿಧಾನ ಪ್ರಕಟಿಸಿದರು. ಅದು ಹುಡುಕಾಟದ ಎಣಿಕೆಯ ಜೊತೆಗೆ ಹಿಂದಿನ ವಾರಗಳ ಆಸ್ಪತ್ರೆ ಲೆಕ್ಕವನ್ನೂ ಸೇರಿಸಿಕೊಳ್ಳುತ್ತದೆ. ಪ್ರತಿ ವಾರ ಹೊಸ ಲೆಕ್ಕ ಬಂದಾಗ ತನ್ನ ಸೂತ್ರವನ್ನು ತಿದ್ದಿಕೊಳ್ಳುತ್ತದೆ. ಇದರ ಅಂದಾಜು ಗೂಗಲ್ ಫ್ಲೂ ಟ್ರೆಂಡ್ಸ್‌ಗಿಂತ ಸರಿಯಾಗಿತ್ತು.

ಹುಡುಕದವರ ಜ್ವರ

ಒಂದು ತೊಡಕನ್ನು ಮಾತ್ರ ಯಾವ ಸೂತ್ರವೂ ಪೂರ್ತಿ ಬಿಡಿಸಲಾರದು. ಮೊಬೈಲ್ ಇಲ್ಲದ ಅಜ್ಜನ ಜ್ವರ ಈ ಲೆಕ್ಕಕ್ಕೆ ಬರುವುದಿಲ್ಲ. ಸಿಗ್ನಲ್ ಸಿಗದ ಕಾಡಂಚಿನ ಹಾಡಿಯ ಜ್ವರವೂ ಬರುವುದಿಲ್ಲ. ಒಂದೇ ಮೊಬೈಲ್ ಇರುವ ಮನೆಯಲ್ಲಿ ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿದ್ದರೆ, ಮಗುವಿಗೆ ಜ್ವರ ಬಂದಾಗ ಹುಡುಕುವವರು ಯಾರು? ಹುಡುಕುವವರಲ್ಲೂ ಒಬ್ಬರು ‘ಡೆಂಗಿ’ ಎಂದರೆ ಇನ್ನೊಬ್ಬರು ‘ಡೆಂಗ್ಯೂ’ ಎನ್ನುತ್ತಾರೆ. ಮೂರನೆಯವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಾಲ್ಕನೆಯವರು ಮೊಬೈಲಿಗೆ ಬಾಯಲ್ಲೇ ಹೇಳುತ್ತಾರೆ. ಎಲ್ಲವನ್ನೂ ಸೇರಿಸಿ ಎಣಿಸದಿದ್ದರೆ ಕನ್ನಡದಲ್ಲಿ ಕೇಳಿದವರ ಜ್ವರ ತಪ್ಪಿಹೋಗುತ್ತದೆ. ನಗರದ ಹುಡುಕಾಟ ನೋಡಿ ಕಿಟ್‌ಗಳನ್ನೆಲ್ಲ ನಗರಕ್ಕೇ ಕಳಿಸಿಬಿಟ್ಟರೆ, ಹೆಚ್ಚು ಬೇಕಾದ ಹಳ್ಳಿಗೆ ಸಿಗದೆ ಹೋಗಬಹುದು. ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದು ‘ಯಾರಿಗಾದರೂ ಜ್ವರ ಇದೆಯೇನಮ್ಮ?’ ಎಂದು ಕೇಳಿ ಬರೆದುಕೊಳ್ಳುವುದು ಅದಕ್ಕಾಗಿಯೇ ಇನ್ನೂ ನಡೆದಿದೆ.

ನೀವೂ ಎಣಿಸಿ ನೋಡಿ

ನಿಮ್ಮ ಶಾಲೆಯಲ್ಲಿಯೂ ಇಂಥದೊಂದು ಲೆಕ್ಕ ಇದೆ. ಹಾಜರಿ ಪುಸ್ತಕ! ಗುರುಗಳನ್ನು ಕೇಳಿ, ಪ್ರತಿ ದಿನ ಎಷ್ಟು ಮಕ್ಕಳು ಬಂದಿಲ್ಲ, ಅವರಲ್ಲಿ ಜ್ವರದಿಂದ ಬಾರದವರು ಎಷ್ಟು ಎಂದು ಬರೆದಿಡಿ. ಹೆಸರು ಬೇಡ, ಸಂಖ್ಯೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರದ ಮೊತ್ತವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮಳೆ ಜೋರಾಗಿ ಬಂದ ವಾರಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ. ಮಳೆ ಬಂದ ವಾರವೇ ಗ್ರಾಫ್ ಏರುವುದಿಲ್ಲ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಬೆಳೆದು ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ವೈರಸ್ ಇರುವ ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಇನ್ನೂ ನಾಲ್ಕರಿಂದ ಏಳು ದಿನ. ನಿಮ್ಮ ಗ್ರಾಫ್‌ನಲ್ಲಿ ಮಳೆಗೂ ಜ್ವರಕ್ಕೂ ಎಷ್ಟು ವಾರಗಳ ಅಂತರ ಕಾಣುತ್ತದೆ ನೋಡಿ. ಗ್ರಾಫ್ ಒಮ್ಮೆಲೇ ಏರಿದ ವಾರ ಅದನ್ನು ಗುರುಗಳ ಜೊತೆ ಹೋಗಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತೋರಿಸಿ. ಆ ವಾರ ಅಲ್ಲಿ ಎಷ್ಟು ಮಂದಿಯ ರಕ್ತ ತೆಗೆದರು ಎಂದು ಕೇಳಿ, ನಿಮ್ಮ ಸಂಖ್ಯೆಯ ಪಕ್ಕದಲ್ಲೇ ಬರೆದುಕೊಳ್ಳಿ. ಊರ ಜಾತ್ರೆಯ ಮರುದಿನ ಬಾರದವರನ್ನು ಮಾತ್ರ ಜ್ವರದ ಲೆಕ್ಕಕ್ಕೆ ಸೇರಿಸುವ ಮೊದಲು ಇನ್ನೊಮ್ಮೆ ವಿಚಾರಿಸಿ!